ಎಣ್ಣೆಯ ಲೆಕ್ಕ: ಲೀಟರೋ, ಕಿಲೋವೋ?

(ಕೋಲಾರ ತಾಲ್ಲೂಕಿನ ಸುಗಟೂರಿನಲ್ಲಿ ರೈತರ ಮುಂದೆ ಮಾಡಿದ ಭಾಷಣ)



ನಮ್ಮ ಸೀಮೆಯ ಖುಷ್ಕಿ ಹೊಲಗಳಲ್ಲಿ ರಾಗಿಯ ಜೊತೆಗೆ ಕಡಲೆಕಾಯಿ, ಹುಚ್ಚೆಳ್ಳು ಬೆಳೆಯುವುದು ಹಿಂದಿನಿಂದ ಬಂದ ಪದ್ಧತಿ. ಮನೆ ಖರ್ಚಿನ ಬೀಜವನ್ನು ಗಾಣಕ್ಕೆ ಕೊಟ್ಟು ಎಣ್ಣೆ ತರುವವರು ಈಗಲೂ ಇದ್ದಾರೆ. ಗಾಣಕ್ಕೆ ಬೀಜ ಕೊಡುವುದು ತೂಕದಲ್ಲಿ. ಎಣ್ಣೆ ತರುವುದು ಅನೇಕ ವೇಳೆ ಅಳತೆಯಲ್ಲಿ. ಲೆಕ್ಕ ತಪ್ಪುವುದು ಇಲ್ಲಿಯೇ.

ಹಿಂದೆ ಸೇರು ಎಂಬ ಒಂದೇ ಹೆಸರು ತೂಕಕ್ಕೂ ಇತ್ತು, ಅಳತೆಗೂ ಇತ್ತು. 1956ರ ಕಾಯಿದೆಯಿಂದ ಮೆಟ್ರಿಕ್ ಪದ್ಧತಿ ಬಂದು ಕಿಲೋ, ಲೀಟರ್ ಬೇರೆಬೇರೆಯಾದವು. ಆದರೂ ಎರಡೂ ಒಂದೇ ಎಂಬ ಭಾವನೆ ಪೂರ್ತಿ ಹೋಗಿಲ್ಲ.

ಒಂದು ಲೀಟರ್ ನೀರು ಸುಮಾರು ಒಂದು ಕಿಲೋ ತೂಗುತ್ತದೆ. ಎಣ್ಣೆ ನೀರಿಗಿಂತ ಹಗುರ. ಆದ್ದರಿಂದಲೇ ನೀರಿನ ಮೇಲೆ ತೇಲುತ್ತದೆ. ಒಂದು ಲೀಟರ್ ಕಡಲೆಕಾಯಿ ಎಣ್ಣೆಯ ತೂಕ ಸುಮಾರು 910 ಗ್ರಾಂ. ಸೂರ್ಯಕಾಂತಿ, ಎಳ್ಳು, ಹುಚ್ಚೆಳ್ಳಿನ ಎಣ್ಣೆಗಳೂ ಹೆಚ್ಚು ಕಡಿಮೆ ಇಷ್ಟೇ. ಹರಳೆಣ್ಣೆ ಮಾತ್ರ ಸುಮಾರು 960 ಗ್ರಾಂ. ನೆನಪಿಗೆ ಸುಲಭ ಸೂತ್ರವೆಂದರೆ, ಅಡುಗೆ ಎಣ್ಣೆ ಹತ್ತು ಕಿಲೋ ಎಂದರೆ ಹನ್ನೊಂದು ಲೀಟರ್.

ಈಗ ಗಾಣದ ಲೆಕ್ಕ ನೋಡೋಣ. 50 ಕಿಲೋ ಕಡಲೆಬೀಜಕ್ಕೆ ನೂರಕ್ಕೆ 40ರಂತೆ 20 ಕಿಲೋ ಎಣ್ಣೆ ಬಂದಿತೆನ್ನಿ. ಅದು 22 ಲೀಟರ್ ಆಗಬೇಕು. 20 ಲೀಟರ್ ಅಳೆದು ಕೊಟ್ಟರೆ ನಿಮಗೆ ಎರಡು ಲೀಟರ್ ಖೋತಾ. ಆದ್ದರಿಂದ ಮಾತು ಕಿಲೋದಲ್ಲೋ ಲೀಟರಿನಲ್ಲೋ ಎಂಬುದನ್ನು ಬೀಜ ಸುರಿಯುವ ಮೊದಲೇ ಗೊತ್ತುಮಾಡಿಕೊಳ್ಳಬೇಕು.

ಅಂಗಡಿಯಲ್ಲೂ ಹೀಗೆಯೇ. ಕಿಲೋಗೆ 200 ರೂಪಾಯಿ, ಲೀಟರಿಗೆ 190 ರೂಪಾಯಿ ಎಂದರೆ ಯಾವುದು ಅಗ್ಗ? ಲೀಟರಿನ ದರವನ್ನು ಕಿಲೋಗೆ ತಿರುಗಿಸಿದರೆ ಸುಮಾರು 209 ರೂಪಾಯಿ ಆಗುತ್ತದೆ. ಅಗ್ಗವೆಂದು ಕಂಡದ್ದೇ ದುಬಾರಿ! ಡಬ್ಬ ಕೊಳ್ಳುವಾಗಲೂ ಎಚ್ಚರ ಬೇಕು. 15 ಲೀಟರಿನ ಡಬ್ಬದಲ್ಲಿ ಇರುವುದು 13 ಕಿಲೋ 650 ಗ್ರಾಂ ಮಾತ್ರ. 15 ಕಿಲೋ ಡಬ್ಬದಲ್ಲಿ ಹದಿನಾರೂವರೆ ಲೀಟರ್ ಇರುತ್ತದೆ.

ಎಣ್ಣೆ ಬಿಸಿಯಾದರೆ ಹಿಗ್ಗುತ್ತದೆ. ಒಂದು ಲೀಟರ್ ಸೋಯಾ ಎಣ್ಣೆ 21 ಡಿಗ್ರಿ ಸೆಲ್ಸಿಯಸ್‌ನಲ್ಲಿ 919 ಗ್ರಾಂ, 60 ಡಿಗ್ರಿಯಲ್ಲಿ ಸುಮಾರು 893 ಗ್ರಾಂ ತೂಗುತ್ತದೆ. ಈ ಕಾರಣಕ್ಕಾಗಿಯೇ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆಯು 2022ರಲ್ಲಿ, ಪೊಟ್ಟಣದ ಮೇಲೆ ಉಷ್ಣತೆ ನಮೂದಿಸದೆ ಅಳತೆಯ ಜೊತೆಗೆ ತೂಕವನ್ನೂ ಮುದ್ರಿಸಬೇಕೆಂದು ತಯಾರಕರಿಗೆ ಸೂಚಿಸಿತು. ಗಾಣದಿಂದ ಆಗತಾನೆ ಬಂದ ಎಣ್ಣೆ ಬೆಚ್ಚಗಿರುತ್ತದೆ. ನೊರೆ, ಮಡ್ಡಿಯೂ ಇರುತ್ತದೆ. ಅದನ್ನು ಆಗಲೇ ಅಳೆದುಕೊಳ್ಳುವುದು ಲಾಭದಾಯಕವಲ್ಲ.

ಗಮನದಲ್ಲಿಡಬೇಕಾದ ಅಂಶಗಳು:

1. ಬೀಜ, ಎಣ್ಣೆ, ಹಿಂಡಿ ಮೂರನ್ನೂ ತೂಕದಲ್ಲಿಯೇ ಲೆಕ್ಕ ಹಾಕಿ. ಮರದ ಗಾಣದಲ್ಲಿ ಅರೆಯುವಾಗ ಸ್ವಲ್ಪ ನೀರು ಚಿಮುಕಿಸುವುದುಂಟು. ಅದರಿಂದ ಹಿಂಡಿಯ ತೂಕ ಹೆಚ್ಚಬಹುದು.

2. ಖಾಲಿ ಪಾತ್ರೆಯ ತೂಕವನ್ನು ಮೊದಲು ಕಳೆಯಿರಿ.

3. ಲೀಟರ್ ಮಾಪಕ ಸರಿಯಿದೆಯೇ ಎಂದು ನೋಡಲು ಅದರ ತುಂಬ ನೀರು ಹಾಕಿ ತೂಗಿ. ಪಾತ್ರೆಯ ತೂಕ ಕಳೆದು ಒಂದು ಕಿಲೋ ಬರಬೇಕು.

4. ಪೊಟ್ಟಣ ಕೊಳ್ಳುವಾಗ ಗ್ರಾಂ ಲೆಕ್ಕ ಓದಿ, ಬೆಲೆ ಹೋಲಿಸಿ.

ಒಂದು ಮಾತು ಮರೆಯಬಾರದು. ತೂಕ ಸರಿಯಿದ್ದ ಮಾತ್ರಕ್ಕೆ ಎಣ್ಣೆ ಶುದ್ಧವೆಂದು ಹೇಳಲಾಗದು. ತಾಳೆ ಎಣ್ಣೆ ಬೆರೆಸಿದರೂ ತೂಕ ಬಹುತೇಕ ಅಷ್ಟೇ ಇರುತ್ತದೆ. ಶುದ್ಧತೆಗೆ ಪ್ರಯೋಗಾಲಯದ ಪರೀಕ್ಷೆಯೇ ಬೇಕು. ಆದರೆ ಪ್ರಮಾಣದ ಮೋಸವನ್ನು ತಡೆಯಲು ಒಂದು ತಕ್ಕಡಿ ಮತ್ತು ಹತ್ತಕ್ಕೆ ಹನ್ನೊಂದರ ಲೆಕ್ಕ ಸಾಕು. ಮಳೆಯನ್ನೇ ನಂಬಿ ಬೆಳೆದ ಬೀಜದ ಎಣ್ಣೆ ಪೂರ್ತಿಯಾಗಿ ನಿಮ್ಮ ಮನೆ ಸೇರಲಿ.