ಮುಹೂರ್ತಕಾಲದ ಸ್ಯಾಕ್ಸೋಫೋನ್
ಮಹಾನಗರದ ತಾರಾ ಹೋಟೆಲಿನ ಮಂದಪ್ರಕಾಶದಲ್ಲಿ ಸಂಜೆಗಳಲ್ಲಿ ಜಾಝ್ ಸಂಗೀತವನ್ನು ಹೊಮ್ಮಿಸುವ ಆ ಹಿತ್ತಾಳೆಯ ವಾದ್ಯವೇ, ಮಂಡ್ಯ, ಮದ್ದೂರು, ಮಳವಳ್ಳಿಗಳ ಕಲ್ಯಾಣಮಂಟಪಗಳಲ್ಲಿ ಡೋಲಿನೊಡಗೂಡಿ ಮಂಗಳವಾದ್ಯವಾಗಿ ಮೊಳಗುವುದನ್ನು ತಾವೆಲ್ಲರೂ ಬಲ್ಲಿರಿ. ಬೆಲ್ಜಿಯಂನ ಅಡಾಲ್ಫ್ ಸ್ಯಾಕ್ಸ್ 1846ರಲ್ಲಿ ಪೇಟೆಂಟ್ ಪಡೆದ ಈ ವಾದ್ಯವನ್ನು ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಕೇಳಿ ಮನಸೋತ ಕದ್ರಿ ಗೋಪಾಲನಾಥರು, ನಾಗಸ್ವರದ ಮನೆತನದಲ್ಲಿ ಬೆಳೆದವರಾದುದರಿಂದಲೇ ಇರಬೇಕು, ಬಹುವರ್ಷಗಳ ಸಾಧನೆಯಿಂದ ಅದನ್ನು ಕರ್ನಾಟಕ ಸಂಗೀತದ ಗಮಕಗಳಿಗೆ ಒಲಿಸಿಕೊಂಡು, 1980ರ ಮುಂಬಯಿಯ ಜಾಝ್ ಉತ್ಸವದಲ್ಲಿ ಅಮೆರಿಕದ ಜಾಝ್ ವಾದಕ ಜಾನ್ ಹ್ಯಾಂಡಿಯವರೊಡನೆ ನುಡಿಸಿದರು. ಲಯದ ಚೌಕಟ್ಟಿನೊಳಗೆ ಆ ಕ್ಷಣದಲ್ಲಿಯೇ ಹೊಸ ಸ್ವರಮಾಲೆಯನ್ನು ಕಟ್ಟುವುದು ಜಾಝ್ ವಾದಕನ ಪ್ರತಿಭೆಯಾದರೆ, ಕಲ್ಪನಾಸ್ವರ ಹಾಕುವ ನಮ್ಮ ವಾದಕರದೂ ಅದೇ ಅಲ್ಲವೆ? ಆದರೆ ಹೋಟೆಲಿನಲ್ಲಿ ಹಣ ತೆತ್ತು ನಿಶ್ಶಬ್ದವಾಗಿ ಆಲಿಸುವ ನಾವು, ಕಲ್ಯಾಣಮಂಟಪದಲ್ಲಿ ಪಂಕ್ತಿಯ ಎಲೆಗಾಗಿ ಧಾವಿಸುತ್ತೇವೆ. ತುಟಿಯಂಚಿನಲ್ಲಿ ರೀಡನ್ನು ಒದ್ದೆಮಾಡಿಕೊಂಡು ಮದುವೆಮನೆಯ ವಾದಕ ಕಲ್ಯಾಣಿರಾಗವನ್ನು ಎತ್ತಿಕೊಂಡಾಗ, ಹತ್ತು ನಿಮಿಷವಾದರೂ ಎದುರಿಗೆ ಕುಳಿತು ಕೇಳೋಣ.