ಹವ್ಯಾಸಿ ಛಾಯಾಗ್ರಾಹಕನ ಸ್ವಂತ ನೋಟ



ಭಟ್ಕಳ, ಹೊನ್ನಾವರ, ಕುಮಟಾ ಕಡೆಗೆ ಕ್ಯಾಮರಾ ಹಿಡಿದು ಹೋದವರು ಸಾಮಾನ್ಯವಾಗಿ ಸೂರ್ಯಾಸ್ತದ ಚಿತ್ರದೊಂದಿಗೆ ಮರಳುತ್ತಾರೆ. ತಪ್ಪೇನಿಲ್ಲ. ಆದರೆ ಆ ಚಿತ್ರದಲ್ಲಿ ನಿಮ್ಮದೆನ್ನುವಂಥದ್ದು ಏನಿದೆ?

ಕುಮಟಾ ತಾಲ್ಲೂಕಿನ ಸಾಣಿಕಟ್ಟಾದ ಉಪ್ಪಿನ ಆಗರಗಳನ್ನೇ ನೋಡಿ. ಬೇಸಿಗೆಯಲ್ಲಿ ಉಪ್ಪಿನ ಬಿಳಿ ರಾಶಿ. ಮಳೆಗಾಲದಲ್ಲಿ ಬರೀ ನೀರು, ಮೋಡದ ನೆರಳು. ಬಿಳಿ ರಾಶಿಯೆದುರು ಕ್ಯಾಮರಾದ ಮೀಟರು ಮೋಸಹೋಗುತ್ತದೆ. ಚಿತ್ರದಲ್ಲಿ ಉಪ್ಪು ಬೂದುಬಣ್ಣವಾಗುತ್ತದೆ. ಒಂದು ಸ್ಟಾಪ್ ಹೆಚ್ಚು ಬೆಳಕು ಕೊಟ್ಟರೆ ಬಿಳುಪು ಬರುತ್ತದೆ. ಇದನ್ನು ಯಾರಾದರೂ ಕಲಿಸಬಹುದು. ರಾಶಿಯನ್ನು ತೆಗೆಯಬೇಕೋ, ಉಪ್ಪು ಎಳೆಯುವ ಕೈಗಳನ್ನೋ ಎಂಬುದನ್ನು ಮಾತ್ರ ನೀವೇ ನಿರ್ಧರಿಸಬೇಕು. ಕೈಗಳನ್ನಾದರೆ, ಮೊದಲು ಆ ಕೆಲಸಗಾರರ ಒಪ್ಪಿಗೆ ಕೇಳಿ.

ಹತ್ತಿರದ್ದನ್ನೇ ಮತ್ತೆ ಮತ್ತೆ ನೋಡಿದವರಲ್ಲಿ ಲೇಖಕ ಪೂರ್ಣಚಂದ್ರ ತೇಜಸ್ವಿ ಒಬ್ಬರು. 2007ರಲ್ಲಿ ತೀರಿಕೊಂಡ ಅವರು, ಮೂಡಿಗೆರೆಯ ತಮ್ಮ ತೋಟದ ಸುತ್ತಲಿನ ಹಕ್ಕಿಗಳನ್ನು ವರ್ಷಗಟ್ಟಲೆ ಕಾದು ಚಿತ್ರಿಸಿದ್ದರು. ಛಾಯಾಗ್ರಹಣ ಅವರ ಜೀವನೋಪಾಯವಾಗಿರಲಿಲ್ಲ. ಶ್ರದ್ಧೆಗೆ ಕೊರತೆಯೂ ಇರಲಿಲ್ಲ. ಗಿರಾಕಿಯ ಅವಸರವಿಲ್ಲದೆ ಕಾಯಬಲ್ಲದ್ದೇ ಹವ್ಯಾಸಿಯ ಭಾಗ್ಯ.

ಸ್ಪರ್ಧೆಗಳಿಗೆ ಚಿತ್ರ ಕಳುಹಿಸಿ. ತೀರ್ಪುಗಾರರು ತೋರಿಸಿದ ದೋಷಗಳನ್ನು ತಿದ್ದಿಕೊಳ್ಳಿ. ಬಹುಮಾನ ಪಡೆದ ಚಿತ್ರವನ್ನು ಮಾತ್ರ ನಕಲು ಮಾಡಬೇಡಿ. ಮನೆಯ ಹತ್ತಿರದ ಒಂದು ಜಾಗವನ್ನು ಆರಿಸಿಕೊಂಡು, ಒಂದು ವರ್ಷ ಅಲ್ಲಿಗೇ ಹೋಗಿ ಚಿತ್ರ ತೆಗೆಯಿರಿ. ನಿಮ್ಮ ಕಣ್ಣು ಏನನ್ನು ಹುಡುಕುತ್ತದೆಂಬುದು ಆಗ ನಿಮಗೇ ತಿಳಿಯುತ್ತದೆ.