ಅಜ್ಜಿಗೆ ಕ್ಯಾನ್ಸರ್, ಈಗ ಕೋವಿಡ್ ಕೂಡ: ಡಾಕ್ಟರ್‌ಗೆ ಏನು ಹೇಳಬೇಕು?

ಮನೇಲಿ 78 ವರ್ಷದ ಅಜ್ಜಿ ಇದ್ದಾರೆ, ಕ್ಯಾನ್ಸರ್‌ಗೆ ಚಿಕಿತ್ಸೆ ನಡೀತಿದೆ ಅಂದುಕೊಳ್ಳಿ. ಮಧ್ಯೆ ಜ್ವರ, ಕೆಮ್ಮು. ಟೆಸ್ಟ್ ಮಾಡಿಸಿದ್ರೆ ಕೋವಿಡ್. 'ಈ ವಯಸ್ಸು, ಮೇಲೆ ಕ್ಯಾನ್ಸರ್ ಬೇರೆ, ಇನ್ನೆಲ್ಲಿ ಉಳೀತಾರೆ' ಅಂತ ನೆಂಟರು ಆಗಲೇ ಮಾತಾಡ್ತಿರ್ತಾರೆ. ಆದರೆ ವಯಸ್ಸು, ಕಾಯಿಲೆ ಎರಡೇ ಎಲ್ಲವನ್ನೂ ಹೇಳಲ್ಲ. ಇನ್ನೊಂದಿದೆ, ಅದು ಫ್ರೇಲ್ಟಿ.

ಫ್ರೇಲ್ಟಿ ಅಂದ್ರೆ ಬರೀ ಸುಸ್ತಲ್ಲ. ಸೋಂಕು, ಆಪರೇಷನ್, ಕಿಮೋ ಇಂಥ ಪೆಟ್ಟು ಬಿದ್ದಾಗ ತಡೆದುಕೊಂಡು ಚೇತರಿಸಿಕೊಳ್ಳೋ ತ್ರಾಣ ದೇಹದಲ್ಲಿ ಕಡಿಮೆಯಾಗಿರೋದು.

2020ರಲ್ಲಿ ಬ್ರಿಟನ್‌ನ 10, ಇಟಲಿಯ 1 ಆಸ್ಪತ್ರೆಗೆ ದಾಖಲಾಗಿದ್ದ 1,564 ಕೋವಿಡ್ ರೋಗಿಗಳ ಮೇಲೆ 'ಕೋಪ್' ಅನ್ನೋ ಅಧ್ಯಯನ ನಡೀತು. ಯಾರಿಗೆ ಅಪಾಯ ಹೆಚ್ಚು ಅನ್ನೋದನ್ನ ವಯಸ್ಸಿಗಿಂತ, ಬೇರೆ ಕಾಯಿಲೆಗಳಿಗಿಂತ ಫ್ರೇಲ್ಟಿಯೇ ಚೆನ್ನಾಗಿ ತೋರಿಸಿತು. ಅವರೆಲ್ಲ ಕ್ಯಾನ್ಸರ್ ರೋಗಿಗಳಲ್ಲ, ನಿಜ. ಆದರೆ ಕ್ಯಾನ್ಸರ್ ಇರೋ ಹಿರಿಯರಲ್ಲಿ ಹಸಿವು, ತೂಕ, ಸ್ನಾಯುಬಲ ಮೊದಲೇ ಇಳಿದಿರಬಹುದು. ಹಾಗಾಗಿ ಅವರಿಗೆ ಈ ಪ್ರಶ್ನೆ ಇನ್ನೂ ಮುಖ್ಯ.

ಇದನ್ನ ಅಳೆಯೋಕೆ ರಕ್ತಪರೀಕ್ಷೆ ಬೇಡ. ಕೆನಡಾದ ಡಲ್‌ಹೌಸಿ ವಿಶ್ವವಿದ್ಯಾಲಯದ ತಜ್ಞರು 2005ರಲ್ಲಿ ಪ್ರಕಟಿಸಿದ 'ಕ್ಲಿನಿಕಲ್ ಫ್ರೇಲ್ಟಿ ಸ್ಕೇಲ್' ಇದೆ. ಈಗ ಅದರಲ್ಲಿ 1ರಿಂದ 9ರವರೆಗೆ ಅಂಕ. 1 ಅಂದ್ರೆ ಗಟ್ಟಿಮುಟ್ಟು. 5ಕ್ಕೆ ಬಂದ್ರೆ ಅಂಗಡಿಗೆ ಹೋಗೋಕೆ, ಭಾರದ ಮನೆಕೆಲಸಕ್ಕೆ ಸಹಾಯ ಬೇಕು. 6ಕ್ಕೆ ಸ್ನಾನಕ್ಕೂ ಬೇಕಾಗುತ್ತೆ.

ಇಲ್ಲೇ ನಿಮ್ಮ ಕೆಲಸ ಇರೋದು. ನೋಡಬೇಕಾದ್ದು ಇವತ್ತಿನ ಸ್ಥಿತಿಯಲ್ಲ, ಸುಮಾರು ಎರಡು ವಾರದ ಹಿಂದಿನದು. ಜ್ವರ ಬಂದಾಗ ಯಾರಾದ್ರೂ ಮಲಗೇ ಇರ್ತಾರೆ. ಸ್ಟ್ರೆಚರ್ ಮೇಲಿರೋ ಅಜ್ಜಿ, ಹೋದ ವಾರದವರೆಗೂ ತಾವೇ ಅಡುಗೆ ಮಾಡಿ ದೇವಸ್ಥಾನಕ್ಕೆ ನಡೆದು ಹೋಗ್ತಿದ್ರು ಅಂತ ಡ್ಯೂಟಿ ಡಾಕ್ಟರ್‌ಗೆ ಹೇಗೆ ಗೊತ್ತಾಗಬೇಕು? ನೀವೇ ಹೇಳಬೇಕು. ಎದ್ದು ಓಡಾಡ್ತಿದ್ರಾ, ಸ್ನಾನ ಯಾರು ಮಾಡಿಸ್ತಿದ್ರು, ಎಷ್ಟು ತೂಕ ಇಳಿದಿದೆ, ಬಿದ್ದಿದ್ರಾ, ಯಾವ ಮಾತ್ರೆ, ಕೊನೇ ಕಿಮೋ ಯಾವಾಗ, ಎಲ್ಲ ಫೋನ್‌ನಲ್ಲಿ ಇವತ್ತೇ ಬರೆದಿಡಿ.

ಒಂದು ಎಚ್ಚರಿಕೆ. ಅಂಕ ಜಾಸ್ತಿ ಬಂತು ಅಂದ್ರೆ ಚಿಕಿತ್ಸೆ ಬೇಡ ಅಂತಲ್ಲ. 2020ರ ಮಾರ್ಚ್‌ನಲ್ಲಿ ಬ್ರಿಟನ್ ಇದನ್ನ ಐಸಿಯು ನಿರ್ಧಾರಕ್ಕೆ ಬಳಸಲು ಸೂಚಿಸಿದಾಗ ಅಂಗವಿಕಲರ ಪರ ಸಂಘಟನೆಗಳು ಆಕ್ಷೇಪ ಎತ್ತಿದವು. ಕೆಲವೇ ದಿನಗಳಲ್ಲಿ ಮಾರ್ಗಸೂಚಿ ತಿದ್ದಿ, 65ಕ್ಕಿಂತ ಕಿರಿಯರಿಗೆ, ದೀರ್ಘಕಾಲದ ಅಂಗವೈಕಲ್ಯ ಇರೋರಿಗೆ ಈ ಅಳತೆ ಬಳಸಬಾರದು ಅಂದ್ರು. ಅಂಕ ಮಾತಿನ ಶುರು, ತೀರ್ಪಲ್ಲ. ಏನು ಚಿಕಿತ್ಸೆ ಬೇಕು, ಬೇಡ ಅಂತ ಅಜ್ಜಿಯನ್ನೂ ಕೇಳಿ. ಹುಷಾರಾಗಿದ್ದಾಗಲೇ ಕೇಳಿ.